ಮಹಂತೇಶನ ಗೆರೆ

ಸತ್ಬೀರ್ ಹೊಸ ವ್ಯಾನು ತಂದದ್ದು ಸಂಕ್ರಾಂತಿಯ ಮರುದಿನ. ಶೋರೂಮಿನವರು ಮೊದಲೇ ಕರೆದಿದ್ದರಂತೆ. ಆದರೆ ಖರ್ಮಾಸ್ ನಡೆಯುವಾಗ ಗಾಡಿ ಮನೆಗೆ ತಂದರೆ ಕೇಡು ಎಂದು ಅವನ ತಾಯಿ ಹಟ ಹಿಡಿದಳು. ಕೆಟ್ಟ ಮಾಸ ಕಳೆಯಲಿ ಎಂದು ಅವನೂ ಕಾದ. ಘಾಜಿಯಾಬಾದಿನ ಆ ಇಕ್ಕಟ್ಟಾದ ಗಲ್ಲಿಯಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತ ಬಿಳಿ ವ್ಯಾನನ್ನು ನೋಡಲು ಎಲ್ಲ ಮಹಡಿಗಳಿಂದಲೂ ಜನ ಇಳಿದು ಬಂದರು. ಭಾನುವಾರವಾದ್ದರಿಂದ ಮಹಂತೇಶನೂ ಮನೆಯಲ್ಲಿದ್ದ. ಅವನ ಮಗಳು ಅಪೂರ್ವ ದಿನವೂ ಶಾಲೆಗೆ ಹೋಗುವುದು ಸತ್ಬೀರನ ಗಾಡಿಯಲ್ಲೇ. ಹಳೆಯ ವ್ಯಾನಿನ ಬಾಗಿಲಿಗೆ ಹಗ್ಗ ಕಟ್ಟಿರುತ್ತಿತ್ತು, ಆ ಹಗ್ಗ ನೆನಪಾದಾಗಲೆಲ್ಲ ಮಾನೇಸರಿನ ಫ್ಯಾಕ್ಟರಿಯಲ್ಲಿ ಕೂತಲ್ಲೇ ಅವನಿಗೆ ಒಂದು ಕ್ಷಣ ಉಸಿರು ಹಿಡಿದಂತಾಗುತ್ತಿತ್ತು. ಇನ್ನು ಆ ಚಿಂತೆ ಇಲ್ಲ.

ಲಡ್ಡು ಬಾಯಲ್ಲಿರುವಾಗಲೇ ಮಹಂತೇಶ ಹೇಳಿದ: "ಸತ್ಬೀರ್ ಭಯ್ಯಾ, ಈ ಗಾಡಿಯ ಸ್ಟೀರಿಂಗ್ ಆರ್ಮ್ ನಮ್ಮ ಫ್ಯಾಕ್ಟರಿದು. ನನ್ನ ಕೈಯಿಂದ ಪಾಸ್ ಆಗಿಯೇ ಹೊರಗೆ ಬರೋದು."

"ಅರೇ ವಾಹ್!" ಸತ್ಬೀರ್ ಗಲ್ಲಿಗೆಲ್ಲ ಕೇಳುವಂತೆ ಕೂಗಿದ. "ಸುನೋ ಭಾಈ, ಸಾಹಬ್ ಕಾ ಪಾರ್ಟ್ ಲಗಾ ಹೈ ಮೇರೀ ಗಾಡಿ ಮೇಂ!"

ಡ್ರೈವರು ತಿರುಗಿಸಿದ ದಿಕ್ಕನ್ನು ಚಕ್ರಕ್ಕೆ ಮುಟ್ಟಿಸುವ, ಮೊಣಕೈಯಂತೆ ಬಾಗಿದ ಉಕ್ಕಿನ ತುಂಡು ಅದು. ಅದೊಂದು ಮುರಿದರೆ ಸ್ಟೀರಿಂಗ್ ಕೈಯಲ್ಲಿ ಸುಮ್ಮನೆ ಸುತ್ತುತ್ತದೆ, ಗಾಡಿ ತನಗೆ ತೋಚಿದ ಕಡೆ ನುಗ್ಗುತ್ತದೆ. ಇದನ್ನೆಲ್ಲ ಮಹಂತೇಶ ಗಲ್ಲಿಯವರಿಗೆ ಕೈ ಮಡಚಿ ತೋರಿಸಿ ವಿವರಿಸಿದ.

ಮೆಟ್ಟಿಲು ಹತ್ತುವಾಗ ಹೆಂಡತಿ ವೈಜಯಂತಿ ನಕ್ಕಳು. "ನೀವು ಪಾಸ್ ಮಾಡೋದು ಫೋಟೋನ ರೀ, ಪಾರ್ಟ್‌ನ ಅಲ್ಲ."

"ಎರಡೂ ಒಂದೇ ಕಣೆ."

"ನಮ್ಮ ಆಫೀಸಲ್ಲೂ ಹಂಗೇ, ಫೈಲ್ ಮೇಲೆ ಎಲ್ಲಾ ಸರಿಯಾಗಿರುತ್ತೆ," ಎಂದಳು ಅವಳು. ದೆಹಲಿಯ ಐಟಿಓ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳ ಕಣ್ಣು ಪಳಗಿತ್ತು. ಮಹಂತೇಶ ಮುಂದಿನ ಮೆಟ್ಟಿಲು ಹತ್ತಿದ. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು ಮಾನೇಸರಿಗೆ ಹೋಗಿ, ಕತ್ತಲಾದ ಮೇಲೆ ತಿರುಗಿ ಬರುವವನಿಗೆ ಭಾನುವಾರ ವಾದ ಮಾಡುವ ತ್ರಾಣ ಇರುವುದಿಲ್ಲ.

ಅವನ ಕೆಲಸ ಲ್ಯಾಬಿನಲ್ಲಿ. ಪ್ರತಿ ಲಾಟಿನಿಂದ, ಅಂದರೆ ಒಮ್ಮೆಗೆ ತಯಾರಾದ ಸರಕಿನಿಂದ, ಒಂದಷ್ಟು ಆರ್ಮ್‌ಗಳನ್ನು ಆರಿಸಿ ತರುತ್ತಾರೆ. ಒಂದೊಂದನ್ನೇ ಅದಕ್ಕೆಂದೇ ಮಾಡಿಸಿದ ಹಿಡಿಕೆಯಲ್ಲಿ ಕೂರಿಸಿ, ಪಕ್ಕದಿಂದ ದೀಪ ಬಿಟ್ಟು, ಬಾಗಿದ ಜಾಗವನ್ನು ತೀರಾ ಹತ್ತಿರದಿಂದ ಫೋಟೋ ತೆಗೆಯಬೇಕು. ಫೋಟೋ ಸರಿ ಇದ್ದರೆ ಲಾಟು ಲಾರಿ ಹತ್ತುತ್ತದೆ. ವರ್ಷಗಟ್ಟಲೆ ಇದೆಲ್ಲ ನಡೆದದ್ದು ಫಿಲ್ಮ್ ಕ್ಯಾಮೆರಾದಲ್ಲಿ. ಹಿಂದಿನ ಅಕ್ಟೋಬರಿನಲ್ಲಿ ಕ್ವಾಲಿಟಿ ಮ್ಯಾನೇಜರ್ ಭಾಟಿಯಾ ಒಂದು ಡಿಜಿಟಲ್ ಕ್ಯಾಮೆರಾ ತರಿಸಿದ. ಅದಕ್ಕೆ ಒಪ್ಪುವ ಕ್ಲೋಸಪ್ ಲೆನ್ಸು ಬೇಕಲ್ಲ ಎಂದಾಗ ಅವನ ಮುಖ ಹುಳಿಯಾಯಿತು.

"ಹೊಸ ಲೆನ್ಸ್ ಏನೂ ಬೇಡ ಸರ್," ಎಂದವನು ಮಹಂತೇಶನೇ. "ಹಳೇ ಲೆನ್ಸು, ಹಳೇ ಸ್ಟ್ಯಾಂಡು, ಹಳೇ ಬೆಲ್ಲೋಸು ಎಲ್ಲಾ ನಡೆಯುತ್ತೆ. ನಡುವೆ ಒಂದು ರಿಂಗ್ ಸಿಕ್ಕಿದರೆ ಸಾಕು."

ಹೇಳಿದ್ದನ್ನು ಮಾಡಿಯೂ ತೋರಿಸಿದ. ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯನ್ನೆಲ್ಲ ಜಾಲಾಡಿ, ಹಳೆಯ ತಿರುಪಿಗೂ ಹೊಸ ಬಾಯಿಗೂ ಸಂಬಂಧ ಬೆಸೆಯುವ ಒಂದು ಹಿತ್ತಾಳೆ ರಿಂಗು ಹುಡುಕಿ ತಂದ. ಬೆಲ್ಲೋಸ್ ಎಂದರೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚರ್ಮದ ಗೂಡು. ಅದನ್ನು ಹಿಗ್ಗಿಸಿದಷ್ಟೂ ಚಿತ್ರ ದೊಡ್ಡದಾಗುತ್ತದೆ. ಒಂದು ತುದಿಗೆ ಹಳೆಯ ಲೆನ್ಸು, ಇನ್ನೊಂದು ತುದಿಗೆ ಹೊಸ ಕ್ಯಾಮೆರಾ. ಕ್ಯಾಮೆರಾಗೆ ಆ ಲೆನ್ಸಿನ ಗುರುತೇ ಹತ್ತಲಿಲ್ಲ, ಅಂಕಿ ತೋರಿಸಬೇಕಾದಲ್ಲಿ ಬರೀ ಸೊನ್ನೆ ತೋರಿಸಿತು. ಬೆಳಕಿನ ಲೆಕ್ಕವನ್ನು ಮಹಂತೇಶನೇ ಅಂದಾಜಿನಲ್ಲಿ ಹಿಡಿದ. ಮೊದಲ ಚಿತ್ರ ಪರದೆಯ ಮೇಲೆ ಮೂಡಿದಾಗ, ಉಕ್ಕಿನ ಮೈಯ ಒಂದೊಂದು ರವೆಯೂ ಎದ್ದು ಕಾಣುತ್ತಿತ್ತು.

"ಆದರೆ ಇದೇನು, ಪಾರ್ಟು ಅರ್ಧಂಬರ್ಧ ಬಂದಿದೆ?" ಎಂದು ಕೇಳಿದ ಭಾಟಿಯಾ.

ಮಹಂತೇಶ ಚಹಾದ ಸಾಸರಿನ ನಡುವೆ ಒಂದು ಬಿಸ್ಕತ್ತು ಇಟ್ಟ. "ಸಾಸರ್ ಅಂದರೆ ಲೆನ್ಸ್ ಬೀಳಿಸೋ ಚಿತ್ರ ಸರ್. ಫಿಲ್ಮ್ ದೊಡ್ಡದಿತ್ತು, ಅಂಚಿನ ತನಕ ಹಿಡೀತಿತ್ತು. ಇದರೊಳಗಿನ ಚಿಪ್ ಈ ಬಿಸ್ಕತ್ತಿನಷ್ಟೇ. ಮಧ್ಯದ್ದು ಮಾತ್ರ ಸಿಗುತ್ತೆ, ಅಂಚಿಗೆ ಬಿದ್ದದ್ದು ಹೋಯ್ತು. ಸ್ಟ್ಯಾಂಡ್ ಸ್ವಲ್ಪ ಎತ್ತರಿಸಿದರಾಯ್ತು." ಭಾಟಿಯಾ ಬಿಸ್ಕತ್ತು ಎತ್ತಿ ಬಾಯಿಗೆ ಹಾಕಿಕೊಂಡ. ಅಲ್ಲಿಗೆ ಒಪ್ಪಿಗೆಯಾಯಿತು.

ಆ ಬೆಲ್ಲೋಸಿನ ಒಂದು ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಪಕ್ಕದ ದೀಪದ ಬೆಳಕು ಅದರೊಳಗೆ ತೂರಿ ಫಿಲ್ಮಿನ ಬಲಮೂಲೆಯಲ್ಲಿ ಒಂದು ತೆಳ್ಳನೆಯ ಬಿಳಿ ಗೆರೆ ಎಳೆಯುತ್ತಿತ್ತು. ಪ್ರಿಂಟು ಹಾಕುವಾಗ ಮೂಲೆ ಕತ್ತರಿಸಿದರೆ ಮುಗಿಯಿತು ಎಂದು ಮಹಂತೇಶ ಅದನ್ನು ಮುಚ್ಚುವ ಗೋಜಿಗೇ ಹೋಗಿರಲಿಲ್ಲ. ಲ್ಯಾಬಿನಲ್ಲಿ ಅದಕ್ಕೆ 'ಮಹಂತೇಶ್ ಕೀ ಲಕೀರ್' ಎಂದೇ ಹೆಸರು. ಹೊಸದಾಗಿ ಸೇರಿದವರಿಗೆ ಮೊದಲು ಹೇಳಿಕೊಡುತ್ತಿದ್ದುದೇ ಅದು: ಈ ಗೆರೆ ಕಂಡರೆ ಹೆದರಬೇಡಿ, ಪಾರ್ಟಿನದಲ್ಲ, ಮಹಂತೇಶನದು.

ಡಿಜಿಟಲ್ ಬಂದ ಮೇಲೆ ಗೆರೆ ಮಾಯವಾಯಿತು. ದೀಪಾವಳಿ ಕಳೆದು ಚಳಿ ಶುರುವಾಗುವ ಹೊತ್ತಿಗೆ ಮತ್ತೆ ಕಾಣಿಸಿಕೊಂಡಿತು. ಮೊದಲು ನೋಡಿದವನು ರಾವತ್, ಗಢವಾಲಿನ ಕಡೆಯ ಟೆಕ್ನಿಷಿಯನ್.

"ಸರ್‌ಜೀ, ಆಪ್ ಕೀ ಲಕೀರ್ ವಾಪಸ್ ಆ ಗಯೀ. ತವರಿಗೆ ಹೋಗಿತ್ತು ಅಂತ ಕಾಣುತ್ತೆ."

ಮಹಂತೇಶ ಬಗ್ಗಿ ನೋಡಿದ. ಅದೇ ತೆಳ್ಳನೆಯ ಬಿಳಿ ಗೆರೆ. ಆದರೆ ಮೂಲೆಯಲ್ಲಿ ಅಲ್ಲ, ಒಳಕ್ಕೆ, ಆರ್ಮ್ ಬಾಗುವ ಜಾಗದ ಪಕ್ಕದಲ್ಲೇ.

"ಚಳಿಗೆ ಚರ್ಮ ಬಿಗಿಯುತ್ತೆ, ತೂತು ಬಾಯಿ ಬಿಡುತ್ತೆ," ಎಂದ.

"ಜಾಗ ಬದಲಾಯಿಸಿದೆಯಲ್ಲ ಸರ್‌ಜೀ?"

"ಚೌಕಟ್ಟು ಚಿಕ್ಕದಾಯ್ತಲ್ಲಪ್ಪ, ಅದಕ್ಕೇ ಒಳಗೆ ಸರಿದಿದೆ. ಎಲ್ಲಾ ಫೋಟೋದಲ್ಲೂ ಒಂದೇ ಜಾಗದಲ್ಲಿದೆ ನೋಡು. ಪಾರ್ಟಿನ ದೋಷ ಆಗಿದ್ದರೆ ಒಂದೊಂದರಲ್ಲಿ ಒಂದೊಂದು ಕಡೆ ಇರಬೇಕಿತ್ತು."

ರಾವತ್ ತಲೆಯಾಡಿಸಿದ. ಹೇಳಿದವನ ಧಾಟಿಯಲ್ಲಿ ಅಷ್ಟು ನಂಬಿಕೆ ಇತ್ತು. ಆ ಲಾಟು ಹೋಯಿತು. ಅದರ ಹಿಂದಿನಿಂದ ಇನ್ನೊಂದು, ಮತ್ತೊಂದು. ಚಳಿಗಾಲವಿಡೀ ಹೋದವು.

ಗಣರಾಜ್ಯೋತ್ಸವದ ರಜೆ ಮುಗಿದ ಮರುದಿನ, ಶುಕ್ರವಾರ, ಮಂಜು ಕರಗಲೇ ಇಲ್ಲ. ಬೆಳಿಗ್ಗೆ ಅಪೂರ್ವ ಟೋಪಿ, ಮಫ್ಲರು, ಕೈಗವಸುಗಳ ನಡುವೆ ಎರಡು ಕಣ್ಣು ಮಾತ್ರವಾಗಿ ನಿಂತು, "ಅಪ್ಪಾ, ಸತ್ಬೀರ್ ಭಯ್ಯಾ ನನ್ನ ಆಗೇ ವಾಲೀ ಸೀಟ್‌ನಲ್ಲೇ ಕೂರಿಸ್ತಾರೆ. ಬಿಕಾಸ್ ಮೇರೇ ಪಾಪಾ ಕಾ ಪಾರ್ಟ್ ಹೈ," ಎಂದಿದ್ದಳು. ಬಸ್ಸಿನಲ್ಲಿ ಕೂತು ಅದನ್ನೇ ನೆನೆದು ಅವನು ದಾರಿಯುದ್ದಕ್ಕೂ ಮುಗುಳ್ನಕ್ಕಿದ್ದ.

ಲ್ಯಾಬಿಗೆ ಬರುತ್ತಲೇ ಭಾಟಿಯಾ ಹೇಳಿದ: "ಸೋಮವಾರ ಗಾಡಿ ಕಂಪನಿಯವರು ಬರ್ತಾರೆ, ಫೋಟೋ ಎಲ್ಲಾ ನೋಡ್ತಾರೆ. ನಿನ್ನ ಲಕೀರ್ ನಾವು ನೋಡಿ ನೋಡಿ ರೂಢಿ ಆಗಿದೆ, ಅವರಿಗೆ ಆಗಿಲ್ಲ. ಇವತ್ತೇ ಸಾಫ್ ಮಾಡು ಭಾಈ."

ಅಷ್ಟೇ ತಾನೆ! ಮಹಂತೇಶ ಬೆಲ್ಲೋಸನ್ನು ಕಿಟಕಿಯ ಹತ್ತಿರ ಒಯ್ದು ಹಿಗ್ಗಿಸಿ ತೂತು ಹುಡುಕಿದ. ಒಂದು ತುಣುಕು ಕಪ್ಪು ಬಟ್ಟೆಗೆ ಅಂಟು ಸವರಿ ಮೇಲೆ ಒತ್ತಿದ, ಅದರ ಮೇಲೆ ಕಪ್ಪು ಟೇಪನ್ನೂ ಸುತ್ತಿದ. ವರ್ಷಗಳ ಸೋಮಾರಿತನ ಒಂದು ಚಹಾದ ಹೊತ್ತಿನಲ್ಲಿ ಮುಗಿಯಿತಲ್ಲ ಎಂದು ತನ್ನನ್ನೇ ಬೈದುಕೊಂಡ. ಎಲ್ಲವನ್ನೂ ಸ್ಟ್ಯಾಂಡಿಗೆ ಕಟ್ಟಿ, ಹೊಸ ಲಾಟಿನ ಒಂದು ಆರ್ಮನ್ನು ಹಿಡಿಕೆಯಲ್ಲಿ ಕೂರಿಸಿ ಕ್ಯಾಮೆರಾದ ಗುಂಡಿ ಒತ್ತಿದ.

ಗೆರೆ ಇತ್ತು.

ಅಂಟು ಹಸಿ ಇರಬೇಕು ಎಂದುಕೊಂಡ. ಇನ್ನೊಂದು ತೂತು ಇರಬೇಕು ಎಂದುಕೊಂಡ. ಲ್ಯಾಬಿನ ದೀಪವೆಲ್ಲ ಆರಿಸಿ, ಬೆಲ್ಲೋಸಿನೊಳಗೆ ಟಾರ್ಚು ಬಿಟ್ಟು, ಮಡಿಕೆ ಮಡಿಕೆಯನ್ನೂ ಬಿಡಿಸಿ ನೋಡಿದ. ಎಲ್ಲೂ ಒಂದು ಚುಕ್ಕಿ ಬೆಳಕು ಹೊರಗೆ ಬರಲಿಲ್ಲ. ಅಷ್ಟು ಹೊತ್ತಿಗೆ ಲಘುವಾಗಿ ಸೀಟಿ ಹಾಕುತ್ತಿದ್ದವನು ಯಾವಾಗ ನಿಲ್ಲಿಸಿದನೋ ಅವನಿಗೇ ತಿಳಿಯದು.

ಬೆಲ್ಲೋಸ್ ಮೇಲೆ ಒಂದು ದಪ್ಪ ಕಪ್ಪು ಕಂಬಳಿ ಹೊದಿಸಿ ಮತ್ತೆ ಒತ್ತಿದ. ಗೆರೆ ಇತ್ತು, ಒಂದಿಷ್ಟೂ ಮಸುಕಾಗಿರಲಿಲ್ಲ.

"ಸರ್‌ಜೀ," ರಾವತ್ ಹಿಂದಿನಿಂದ ಮೆಲ್ಲಗೆ ಕರೆದ, "ಪಾರ್ಟನ್ನು ತಿರುಗಿಸಿ ನೋಡೋಣವಾ?"

ಹಿಡಿಕೆಯ ತಿರುಪು ಸಡಿಲಿಸಿ ಮಹಂತೇಶ ಆರ್ಮನ್ನು ಅಡ್ಡಕ್ಕೆ ತಿರುಗಿಸಿದ. ಕ್ಯಾಮೆರಾ ಅಲ್ಲೇ, ದೀಪ ಅಲ್ಲೇ, ಬೆಲ್ಲೋಸ್ ಅಲ್ಲೇ. ಒತ್ತಿದ. ಪರದೆಯ ಮೇಲೆ ಚಿತ್ರ ಮೂಡಿತು. ಗೆರೆಯೂ ಪಾರ್ಟಿನ ಜೊತೆಗೇ ಅಡ್ಡಕ್ಕೆ ತಿರುಗಿತ್ತು.

ಮಹಂತೇಶನ ಕಣ್ಣ ಮುಂದೆ ಸಾಸರು, ಅದರ ನಡುವೆ ಬಿಸ್ಕತ್ತು. ಅಂಚಿಗೆ ಬಿದ್ದದ್ದು ಹೋಯ್ತು ಎಂದು ತಾನೇ ಹೇಳಿದ್ದನಲ್ಲ! ತೂತಿನ ಬೆಳಕು ಇವತ್ತಿಗೂ ಅದೇ ಮೂಲೆಗೇ ಬೀಳುತ್ತಿದೆ. ಅದನ್ನು ಹಿಡಿಯಲು ಆ ಮೂಲೆಯಲ್ಲಿ ಈಗ ಏನೂ ಇಲ್ಲ. ಚೌಕಟ್ಟು ಚಿಕ್ಕದಾದರೆ ಗೆರೆ ಹೊರಗೆ ಹೋಗಬೇಕು. ಒಳಕ್ಕೆ ಹೇಗೆ ಬಂದೀತು? ಈ ಕ್ಯಾಮೆರಾದಲ್ಲಿ ಮಹಂತೇಶನ ಗೆರೆ ಒಂದು ದಿನವೂ ಬಿದ್ದಿಲ್ಲ. ಬಿದ್ದದ್ದೆಲ್ಲ ಬೇರೆ.

"ಎಲ್ಲದರಲ್ಲೂ ಒಂದೇ ಜಾಗ," ಎಂದ ರಾವತ್. "ದೀಪಾವಳಿಗೆ ಸೊಟ್ಟ ಆರ್ಮನ್ನ ನೆಟ್ಟಗೆ ಮಾಡೋ ಹೊಸ ಪ್ರೆಸ್ ಬಂತಲ್ಲ ಸರ್‌ಜೀ. ಅದು ಒಂದೇ ಜಾಗದಲ್ಲಿ ಒತ್ತುತ್ತೆ."

ಬಿರುಕಿನ ಪರೀಕ್ಷೆ ನಡೆಯುವುದು ಪ್ರೆಸ್ಸಿಗಿಂತ ಮೊದಲು. ಪ್ರೆಸ್ ಆದ ಮೇಲೆ ನೋಡುವ ಕಣ್ಣು ಒಂದೇ, ಅದು ಮಹಂತೇಶನದು.

ಅವನ ಕೈ ತಾನಾಗಿ ಜೇಬಿಗೆ ಹೋಗಿ ಮೊಬೈಲು ತೆಗೆಯಿತು. ಸತ್ಬೀರನ ನಂಬರು ಒತ್ತಿದ. ರಿಂಗಾಗಿ ರಿಂಗಾಗಿ ನಿಂತಿತು. ಗೋಡೆಯ ಗಡಿಯಾರ ನೋಡಿದ. ಶಾಲೆ ಬಿಡುವ ಹೊತ್ತು. ಶಾಲೆಗೆ ಮಾಡಿದರೆ ಆ ನಂಬರು ಬಿಡುವಿಲ್ಲ. ವೈಜಯಂತಿಯ ಆಫೀಸಿಗೆ ಮಾಡಿದರೆ, ಮೇಡಂ ಊಟಕ್ಕೆ ಹೋಗಿದ್ದಾರೆ ಎಂದರು. ಹೋಗಿರದಿದ್ದರೂ ಐಟಿಓದಲ್ಲಿ ಕೂತು ಅವಳಾದರೂ ಏನು ಮಾಡುತ್ತಿದ್ದಳು?

ರಾವತ್ ಅಷ್ಟರಲ್ಲಿ ಆರ್ಮಿನ ಮೈಯನ್ನು ಒರೆಸಿ ಕೆಂಪು ಬಣ್ಣದ ದ್ರವ ಸಿಂಪಡಿಸಿದ್ದ. ಬಿರುಕಿದ್ದರೆ ಅದು ಬಣ್ಣವನ್ನು ಒಳಗೆ ಕುಡಿಯುತ್ತದೆ. ತುಸು ಕಾದು, ಮೇಲಿನದನ್ನು ಪೂರ್ತಿ ಒರೆಸಿ, ಬಿಳಿ ಪುಡಿ ಹಾಕಿದರೆ ಕುಡಿದದ್ದು ಹೊರಗೆ ಬರುತ್ತದೆ. ಪುಡಿ ಒಣಗಿ ಆರ್ಮು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಮಹಂತೇಶ ಕಿವಿಗೆ ಮೊಬೈಲು ಒತ್ತಿಕೊಂಡೇ ನೋಡುತ್ತ ನಿಂತ. ಅತ್ತ ರಿಂಗಾಗುತ್ತಿತ್ತು. ಇತ್ತ ಬಿಳುಪಿನ ನಡುವೆ ಮೊದಲು ಒಂದು ಕೆಂಪು ಚುಕ್ಕಿ ಮೂಡಿತು, ಅದರ ಪಕ್ಕದಲ್ಲಿ ಇನ್ನೊಂದು. ನಿಧಾನವಾಗಿ, ಚರ್ಮ ಗೀರಿದಾಗ ರಕ್ತ ಒಸರುವ ಹಾಗೆ, ಚುಕ್ಕಿಗಳು ಕೂಡಿಕೊಂಡು ಬಾಗಿನ ಉದ್ದಕ್ಕೂ ಒಂದು ಗೆರೆಯಾದವು.

"ಇನ್ನೊಂದು ತಗೊಂಡು ಬಾ. ಬೇರೆ ಲಾಟಿಂದು," ಎಂದ.

ಇನ್ನೊಂದರಲ್ಲೂ ಒಸರಿತು, ಅದೇ ಜಾಗದಲ್ಲಿ.

ಕ್ಯಾಂಟೀನಿಗೆ ಹೊರಟಿದ್ದ ಭಾಟಿಯಾನನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಆ ತುಂಡನ್ನು ಮುಖದ ಮುಂದೆ ಹಿಡಿದ. "ಸರ್, ಅದು ಬೆಲ್ಲೋಸಿನ ಗೆರೆ ಅಲ್ಲ. ಬಿರುಕು. ದೀಪಾವಳಿಯಿಂದ ಹೋದದ್ದರಲ್ಲೆಲ್ಲಾ ಇರಬಹುದು. ಹೊರಗೆ ಲೋಡ್ ಆಗ್ತಿರೋದನ್ನ ನಿಲ್ಲಿಸಬೇಕು. ಕಂಪನಿಯವರಿಗೆ ಈಗಲೇ ಹೇಳಬೇಕು."

ಭಾಟಿಯಾ ತುಂಡನ್ನು ನೋಡಿದ, ಕಾರಿಡಾರಿನ ಹಿಂದೆ ಮುಂದೆ ನೋಡಿದ, ಆಮೇಲೆ ನಕ್ಕ. "ಅರೇ ಯಾರ್, ನಿನ್ನದೇ ಲಕೀರ್ ಅಲ್ವಾ ಇದು! ಇಡೀ ಲ್ಯಾಬಿಗೆ ಪಾಠ ಹೇಳಿದವನು ನೀನು. ಈಗ ಒಂದು ಡಬ್ಬಿ ಬಣ್ಣ ಹಾಕಿ ಬಿರುಕು ಅಂತೀಯಾ?"

"ನಾನು ತಪ್ಪು ಹೇಳಿದ್ದೆ ಸರ್."

"ಹಾಗಾದರೆ ಈಗ ಸರಿ ಹೇಳ್ತಿದ್ದೀಯ ಅಂತ ಏನು ಗ್ಯಾರಂಟಿ?" ಅವನ ನಗು ಹಾಗೇ ಇತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ. "ಸೋಮವಾರ ಅವರು ಬರಲಿ, ಹೋಗಲಿ. ಆಮೇಲೆ ಕೂತು ಮಾತಾಡೋಣ. ಆರಾಮ್ ಸೆ. ಚಲೋ, ಮೊದಲು ಊಟ." ಮಹಂತೇಶನ ಬೆನ್ನು ತಟ್ಟಿ ಅವನು ಹೋದ. ಕರಿದ ಪೂರಿಯ ವಾಸನೆ ಬರುತ್ತಿತ್ತು. ಮಹಂತೇಶ ಮತ್ತೆ ಸತ್ಬೀರನ ನಂಬರು ಒತ್ತಿ ಮೊಬೈಲನ್ನು ಕಿವಿಗೆ ಹಿಡಿದ.

ಆಗ ಮೊಬೈಲಿನಲ್ಲಿ ರಿಂಗು ನಿಂತು ದನಿ ಬಂತು.

"ಹಾಂ ಸಾಹಬ್! ಬೋಲಿಯೇ!" ಹಿಂದೆ ಇಂಜಿನ್ನಿನ ಗೊರಗೊರ, ಮಕ್ಕಳ ಕಿರುಚಾಟ, ಯಾರದೋ ನಗು.

"ಸತ್ಬೀರ್ ಭಯ್ಯಾ, ಗಾಡಿ ಎಲ್ಲಿದೆ?"

"ಹಿಂಡನ್ ಪುಲ್ ಮೇಲೆ ಸಾಹಬ್. ಕೋಹ್ರಾ ಏನು ಹೇಳಲಿ, ನನ್ನ ಮೂಗು ನನಗೇ ಕಾಣ್ತಿಲ್ಲ!"

ಗಾಡಿ ನಿಲ್ಲಿಸು ಎಂಬ ಮಾತು ಮಹಂತೇಶನ ನಾಲಿಗೆಯ ತುದಿಗೆ ಬಂದು ಅಲ್ಲೇ ಕಚ್ಚಿಕೊಂಡಿತು. ಸೇತುವೆಯ ಮೇಲೆ ಈ ಮಂಜಿನಲ್ಲಿ ನಿಲ್ಲಿಸಿದರೆ ಹಿಂದಿನ ಲಾರಿ ಬಂದು ಗುದ್ದುತ್ತದೆ. ಪಕ್ಕಕ್ಕೆ ತೆಗೆದುಕೋ ಎಂದರೆ ಸ್ಟೀರಿಂಗ್ ತಿರುಗಿಸುತ್ತಾನೆ. ಗುಂಡಿ ತಪ್ಪಿಸಲು ಹೋದರೂ ತಿರುಗಿಸುತ್ತಾನೆ. ಪಕ್ಕದಲ್ಲಿ ನದಿ, ನಡುವೆ ಸೊಂಟದೆತ್ತರದ ಗೋಡೆ. ಮುಂದಿನ ಸೀಟಿನಲ್ಲಿ ಅಪೂರ್ವ.

"ನಿಧಾನ ಮಾಡು. ನೇರ ಹೋಗು. ಝಟಕ್ಕಂತ ತಿರುಗಿಸಬೇಡ," ಎಂದ. "ಪುಲ್ ಇಳಿದ ಮೇಲೆ ಮೆಲ್ಲಗೆ ಎಡಕ್ಕೆ ತಗೊಂಡು ನಿಲ್ಲಿಸು. ಮಕ್ಕಳನ್ನೆಲ್ಲ ಇಳಿಸು."

"ಯಾಕೆ ಸಾಹಬ್?"

"ಸ್ಟೀರಿಂಗ್ ಆರ್ಮ್ ಬಿರುಕು ಬಿಟ್ಟಿದೆ."

ಸತ್ಬೀರ್ ಹೊಟ್ಟೆ ತುಂಬ ನಕ್ಕ. "ಮಜಾಕ್ ಮಾಡ್ತೀರಾ! ನಿಮ್ಮ ಕೈಯಿಂದ ಪಾಸ್ ಆದದ್ದು ಅಂತ ನೀವೇ ಹೇಳಿದ್ದಿರಿ. ಮಕ್ಖನ್ ತರಹ ತಿರುಗುತ್ತೆ ಸಾಹಬ್, ನೋಡಿ..."

"ತಿರುಗಿಸಬೇಡ!"

ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅತ್ತ ಕಡೆ ಮಕ್ಕಳ ಗಲಾಟೆಯೂ ಒಮ್ಮೆಗೇ ತಗ್ಗಿತು. ಅವನ ಕೂಗು ಅಲ್ಲಿಗೂ ಕೇಳಿರಬೇಕು.

"ನಾನೇ ಹೇಳಿದ್ದು ಭಯ್ಯಾ. ಈಗ ಹೇಳ್ತಿರೋನೂ ನಾನೇ," ಎಂದ ಮಹಂತೇಶ, ಬೇಡುವ ದನಿಯಲ್ಲಿ. "ನನ್ನ ಮಗಳು ಇದ್ದಾಳೆ ನಿನ್ನ ಪಕ್ಕದಲ್ಲಿ."

ಸತ್ಬೀರ್ ಮೊಬೈಲನ್ನು ಎಲ್ಲಿಯೋ ಇಟ್ಟ ಸದ್ದು. ಇಂಜಿನ್ನಿನ ದನಿ ಇಳಿಯಿತು. ಹಿಂದಿನಿಂದ ಒಂದು ಲಾರಿಯ ಹಾರನ್ನು ಉದ್ದಕ್ಕೆ, ಬೈಯುವ ಹಾಗೆ ಕೂಗಿ, ಪಕ್ಕದಿಂದ ಹಾದು ಹೋಯಿತು. ಕಬ್ಬಿಣ ಎಲ್ಲೋ ಕಟಕ್ಕೆಂದಿತು. ಬಾಗಿಲೋ, ಗೇರೋ, ಮತ್ತೊಂದೋ. ಮಹಂತೇಶ ಗೋಡೆಗೆ ಕೈಯೂರಿ ಕಣ್ಣು ಮುಚ್ಚಿದ. ಕತ್ತಲಲ್ಲಿ ಬಿಳಿ ಪುಡಿಯ ನಡುವೆ ಒಸರುವ ಕೆಂಪು ಗೆರೆಯೇ ಕಂಡಿತು.

"ಅಪ್ಪಾ?"

ಅವನು ಕಣ್ಣು ತೆರೆದು ಮೊಬೈಲನ್ನು ಕಿವಿಗೆ ಇನ್ನೂ ಒತ್ತಿಕೊಂಡ.

"ಅಪ್ಪಾ, ಸುನ್ ರಹೇ ಹೋ? ನಾವೆಲ್ಲ ಇಳಿದ್ವಿ. ರೋಡ್ ಪಕ್ಕದಲ್ಲಿ ಇದ್ದೀವಿ. ಬಹುತ್ ಠಂಡ್ ಹೈ. ಸತ್ಬೀರ್ ಭಯ್ಯಾ ಗುಸ್ಸಾ ಆಗಿದ್ದಾರೆ."

"ಆಗಲಿ ಪುಟ್ಟಾ. ಯಾರೂ ಮತ್ತೆ ಗಾಡಿ ಹತ್ತಬೇಡಿ. ರೋಡಿಂದ ದೂರ ನಿಂತ್ಕೊಳ್ಳಿ. ಇನ್ನೂ ದೂರ. ಫೋನ್ ಇಡಬೇಡ, ನನ್ನ ಜೊತೆ ಮಾತಾಡ್ತಾ ಇರು."

"ಏನು ಮಾತಾಡಲಿ?"

"ಏನಾದರೂ. ಏನು ಕಾಣುತ್ತೆ ಹೇಳು."

ಅವನು ಕಾರಿಡಾರು ದಾಟಿ ಹೊರಗೆ ಅಂಗಳಕ್ಕೆ ಬಂದ. ಮಾನೇಸರಿನಲ್ಲೂ ಅದೇ ಬೂದು ಮಂಜು. ಅದರೊಳಗೆ ಡಿಸ್ಪ್ಯಾಚ್ ಗೇಟಿನ ಮುಂದೆ ಲಾರಿಯೊಂದು ಮೈ ತುಂಬ ಪೆಟ್ಟಿಗೆ ಹೇರಿಕೊಂಡು, ಟಾರ್ಪಾಲು ಬಿಗಿದುಕೊಂಡು ನಿಂತಿತ್ತು.

"ಏನೂ ಕಾಣಲ್ಲ ಅಪ್ಪಾ, ಎಲ್ಲಾ ಸಫೇದ್. ಗಾಡಿ ಬಂದರೆ ಬರೀ ಲೈಟ್ ಕಾಣುತ್ತೆ." ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳಿಗೆ ಈಗ ಸ್ವಲ್ಪ ಮಜವೂ ಬರತೊಡಗಿತ್ತು. "ಅಪ್ಪಾ, ಒಂದು ವ್ಯಾನ್ ಹೋಯ್ತು. ಸೇಮ್ ಹಮಾರೀ ಜೈಸೀ! ನ್ಯೂ. ಅಂದರ್ ಛೋಟೇ ಬಚ್ಚೇ ಇದ್ದರು, ಕೆಜಿ ವಾಲೇ. ನಮಗೆ ಟಾಟಾ ಮಾಡಿದರು."

ಮಹಂತೇಶ ಓಡತೊಡಗಿದ. ಲಾರಿಯ ಇಂಜಿನ್ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಅವನು ಮುಂದೆ ಹೋಗಿ ನಿಂತು ಎರಡೂ ಕೈ ಎತ್ತಿದ. ಒಂದರಲ್ಲಿ ಮೊಬೈಲು, ಇನ್ನೊಂದರಲ್ಲಿ ಬಿಳಿ ಪುಡಿ ಮೆತ್ತಿದ ಆರ್ಮು.

"ಬಂದ್ ಕರೋ! ಮಾಲು ಹೋಗಲ್ಲ!"

ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿದ. "ಕಿಸ್ ಕಾ ಆರ್ಡರ್ ಹೈ?"

"ಮೇರಾ."

ಡ್ರೈವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವನ ಹೆಗಲಿನ ಮೇಲಿಂದ ಆಚೆ, ಕ್ಯಾಂಟೀನಿನ ಬಾಗಿಲ ಕಡೆ ನೋಡಿದ. ಅಲ್ಲಿಂದ ಕೈ ಒರೆಸಿಕೊಳ್ಳುತ್ತ ಭಾಟಿಯಾ ಬರುತ್ತಿದ್ದ. ಅವನಿಗೇನೂ ಅವಸರವಿರಲಿಲ್ಲ. ಇಂಜಿನ್ ಆರಲಿಲ್ಲ.

ಮಹಂತೇಶ ಮೊಬೈಲನ್ನು ಮತ್ತೆ ಕಿವಿಗೆ ಹಿಡಿದ.

"ಅಪ್ಪಾ," ಎನ್ನುತ್ತಿದ್ದಳು ಅಪೂರ್ವ, "ಇನ್ನೊಂದು ಹೋಯ್ತು."